ಹಿಂದಿನ ಸೀಟಿಗೆ ಕಾಣುವ ಬಣ್ಣ

ಹೋದ ತಿಂಗಳು ತೀರಿಕೊಂಡ ನಮ್ಮ ಸ್ಕೂಲಿನ ಗಣಿತದ ಮೇಡಂ ಅವರ ಶಿವಗಣಾರಾಧನೆಗೆ ಹೋಗಿದ್ದೆ. ಊಟಕ್ಕೆ ಮುಂಚೆ ಕೆಲವರು ಎದ್ದು ನಿಂತು ಅವರ ಬಗ್ಗೆ ಎರಡು ಮಾತಾಡಿದರು. ಸೌಮ್ಯ ಸ್ವಭಾವದವರು, ತಾಯಿಯಂಥವರು, ಯಾರಿಗೂ ಗಟ್ಟಿಯಾಗಿ ಒಂದು ಮಾತು ಆಡಿದವರಲ್ಲ ಎಂದೆಲ್ಲ ಹೇಳಿದರು. ನಾನು ಒಮ್ಮೆ ಫೋಟೋ ನೋಡಿದೆ, ಒಮ್ಮೆ ಮಾತಾಡುವವರನ್ನು ನೋಡಿದೆ. ತಪ್ಪಿ ಬೇರೆ ಯಾರದೋ ಮನೆಯ ಕಾರ್ಯಕ್ಕೆ ಬಂದು ಕೂತಿದ್ದೇನೆಯೇ ಎಂದು ಅನುಮಾನವಾಯಿತು. ನಮ್ಮ ಮೇಡಂ ಒಂದು ದಿನ ಗಂಟಲು ಕಟ್ಟಿ ಮೆತ್ತಗೆ ಪಾಠ ಮಾಡಿದಾಗ, ಸ್ಕೂಲಿನ ಎದುರು ರಸ್ತೆಯ ಎಳನೀರಿನವನು ಗೇಟಿನ ತನಕ ಬಂದು, ಅಮ್ಮಾವ್ರು ಇವತ್ತು ರಜೆಯೇ ಎಂದು ವಿಚಾರಿಸಿಕೊಂಡು ಹೋಗಿದ್ದ.

ಫೋಟೋದಲ್ಲಿ ರೇಷ್ಮೆ ಸೀರೆ, ಹಣೆಯ ಮೇಲೆ ವಿಭೂತಿ, ಮುಖದಲ್ಲಿ ಫೋಟೋದವನು ಹೇಳಿ ತರಿಸಿದ ನಗು ಇದ್ದವು. ಎಲ್ಲ ಸರಿಯಾಗಿಯೇ ಇತ್ತು. ಹೆಲ್ಮೆಟ್ ಇರಲಿಲ್ಲ ಅಷ್ಟೇ. ಅದಿಲ್ಲದೆ ನನಗೆ ಗುರುತು ಹತ್ತಲು ಒಂದು ನಿಮಿಷ ಹಿಡಿಯಿತು.

ನಾವಿಬ್ಬರೂ ಜೆ.ಪಿ. ನಗರದ ಒಂದೇ ಹೈಸ್ಕೂಲಿನಲ್ಲಿ ಬಹಳ ಕಾಲ ಕೆಲಸ ಮಾಡಿದವರು. ಅವರು ಗಣಿತ, ನಾನು ಡ್ರಾಯಿಂಗ್. ಬನಶಂಕರಿ ಎರಡನೇ ಸ್ಟೇಜಿನ ಮನೆಯಿಂದ ಅವರು ಮರೂನ್ ಬಣ್ಣದ ದೊಡ್ಡ ಮೋಟಾರ್‌ಸೈಕಲ್ಲಿನಲ್ಲಿ ಬರುತ್ತಿದ್ದರು. ಸ್ಕೂಟಿ ಅಲ್ಲ, ಗೇರಿನ ಗಾಡಿ, ಕಾರ್ಖಾನೆಯವರೇ ಮರೆತುಬಿಟ್ಟ ಮಾಡೆಲ್ಲು. ತಂದೆಯ ಗಾಡಿ, ಮದುವೆಗೆ ಮುಂಚಿನಿಂದ ಓಡಿಸುತ್ತಿದ್ದೇನೆ ಎನ್ನುತ್ತಿದ್ದರು. ಆಕೆ ನೋಡಲು ಕುಳ್ಳಗೆ. ಸೀರೆಯ ನೆರಿಗೆಗೆ ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಸಾಲಾಗಿ ಸಿಕ್ಕಿಸಿಕೊಂಡು, ಅವರು ಗಾಡಿಯನ್ನು ಒದ್ದು ಸ್ಟಾರ್ಟ್ ಮಾಡುವುದನ್ನು ನೋಡಲು ಹೊಸದಾಗಿ ಸೇರಿದ ಮಕ್ಕಳು ಗೇಟಿನ ಬಳಿ ನಿಲ್ಲುತ್ತಿದ್ದರು. ಹಳೆಯ ಮಕ್ಕಳು ನಿಲ್ಲುತ್ತಿರಲಿಲ್ಲ. ನಿಂತರೆ ಮಗ್ಗಿ ಕೇಳುತ್ತಾರೆಂದು ಅವರಿಗೆ ಗೊತ್ತಿತ್ತು.

ಸ್ಟಾಫ್ ರೂಮಿಗೆ ಬಂದ ಮೇಲೂ ಹೆಲ್ಮೆಟ್ ತೆಗೆಯುವುದು ಅವರಿಗೆ ಮರೆತುಹೋಗುತ್ತಿತ್ತು. ದಾರಿಯಲ್ಲಿ ಯೋಚಿಸಿದ್ದ ಜಗಳವನ್ನು ಮೊದಲು ಮುಗಿಸಬೇಕಿತ್ತಲ್ಲ. ಮುಂದಿನ ಗಾಜನ್ನು ಮೇಲಕ್ಕೆ ತಳ್ಳಿ, ಒಳಗಿನಿಂದಲೇ ಕಾಫಿ ಕುಡಿದು, ಒಳಗಿನಿಂದಲೇ ಹೆಡ್‌ಮಾಸ್ಟರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಅವರ ಆಯುಧ ಎರಡೇ ಪದದ್ದು: "ಸ್ಟೆಪ್ಸ್ ಎಲ್ಲಿ?" ಹೆಡ್‌ಮಾಸ್ಟರು ಪ್ರವಾಸ ರದ್ದು ಎಂದರೆ "ಸ್ಟೆಪ್ಸ್ ಎಲ್ಲಿ ಸಾರ್?" ಎನ್ನುವರು. ಅಂದರೆ ಯಾಕೆ, ಹೇಗೆ, ಯಾರು ಹೇಳಿದ್ದು, ಒಂದೊಂದಾಗಿ ಬಿಡಿಸಿ ಹೇಳಬೇಕು. ಒಮ್ಮೆ ಒಬ್ಬ ಹುಡುಗನ ತಂದೆ ಬಂದು, ಉತ್ತರ ಸರಿಯಿದ್ದರೂ ಅರ್ಧ ಮಾರ್ಕ್ಸ್ ಕಿತ್ತಿದ್ದೀರಿ ಎಂದು ಗಲಾಟೆ ಮಾಡಿದ. ಆತ ಮನೆ ಕಟ್ಟಿಸುವ ಕಂಟ್ರಾಕ್ಟರ್. "ನೀವು ಗೋಡೆ ಎಬ್ಬಿಸ್ದೆ ಮೋಲ್ಡಿಂಗ್ ಹಾಕ್ತೀರಾ?" ಎಂದು ಮೇಡಂ ಕೇಳಿದರು. ಆತ ಸ್ವಲ್ಪ ಹೊತ್ತು ಯೋಚಿಸಿ, ನಮಸ್ಕಾರ ಹೇಳಿ ಹೋದ.

ನನ್ನ ವಿಷಯದ ಬಗ್ಗೆ ಅವರಿಗೆ ಎಳ್ಳಷ್ಟೂ ಗೌರವವಿರಲಿಲ್ಲ. ಪೋರ್ಷನ್ ಮುಗಿಯಲಿಲ್ಲವೆಂದು ಪ್ರತಿ ವಾರ ನನ್ನ ಪೀರಿಯಡ್ ಕಿತ್ತುಕೊಳ್ಳುತ್ತಿದ್ದರು. "ಇವತ್ತು ನಂಗೆ ಕೊಡಿ ಮೇಷ್ಟ್ರೇ. ಮಾವಿನಹಣ್ಣು ನಾಳೆ ಬರೆಸಿ. ಇನ್ನೂ ಚೆನ್ನಾಗಿ ಹಣ್ಣಾಗಿರುತ್ತೆ" ಎನ್ನುವರು. ನನಗೆ ಉರಿದುಹೋಗುತ್ತಿತ್ತು. ಆದರೆ ಬೋರ್ಡ್ ಒರೆಸಿದ ಕೈಯನ್ನು ನನ್ನ ಬ್ರಷ್ ಒರೆಸುವ ಬಟ್ಟೆಗೇ ಒರೆಸುತ್ತ, ನನ್ನ ಡಬ್ಬಿಯಿಂದಲೇ ಒಂದು ಚಕ್ಕುಲಿ ಎತ್ತಿಕೊಳ್ಳುತ್ತ ಕೇಳುವವರ ಮೇಲೆ ಎಷ್ಟು ಹೊತ್ತು ಸಿಟ್ಟಾಗಿರಲು ಸಾಧ್ಯ?

ಇಂಥ ಮೇಡಂ ಒಂದು ದಿನ ನನ್ನ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಹೆಲ್ಮೆಟ್ ತೆಗೆದು ಕೂತರು. ಏನೋ ದೊಡ್ಡ ವಿಷಯವೇ ಇರಬೇಕು ಎಂದುಕೊಂಡೆ.

"ಮೇಷ್ಟ್ರೇ, ನಿಮ್ಮ ಸಬ್ಜೆಕ್ಟಿಂದ ಜೀವಮಾನದಲ್ಲಿ ಒಂದು ಸಲ ಉಪಯೋಗ ಆಗ್ಲಿ. ಒಂದು ಬಣ್ಣ ಆರಿಸ್ಕೊಡಿ."

ವಿಷಯ ಇಷ್ಟು. ಅವರ ಯಜಮಾನರು ಮದುವೆಯಾದಾಗಿನಿಂದ ಒಂದು ಸಲವೂ ಅವರ ಗಾಡಿಯ ಹಿಂದೆ ಕೂತಿರಲಿಲ್ಲ. ಮದುವೆ, ಗೃಹಪ್ರವೇಶ, ಎಲ್ಲಿಗೇ ಆಗಲಿ, ಮೇಡಂ ಗಾಡಿಯಲ್ಲಿ, ಯಜಮಾನರು ಬಸ್ಸಿನಲ್ಲಿ. ಮೇಡಂ ಮೊದಲ ಪಂಕ್ತಿಯಲ್ಲಿ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವಾಗ ಯಜಮಾನರು ಛತ್ರದ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ದಂಪತಿಗಳನ್ನು ಜೊತೆಯಲ್ಲಿ ಕೂರಿಸಿ ತಾಂಬೂಲ ಕೊಡಬೇಕೆಂದವರು ಎಷ್ಟೋ ಸಲ ಬೇರೆಯವರ ಜೊತೆ ಕೂರಿಸಿ ಕೊಟ್ಟಿದ್ದರಂತೆ.

"ಮಾದಪ್ಪನ ಬೆಟ್ಟಕ್ಕೆ ಗಾಡೀಲಿ ಇಬ್ರೂ ಹೋಗ್ಬೇಕು ಅಂತ ಆಸೆ ಮೇಷ್ಟ್ರೇ. ಮೊಣಕಾಲು ಆಪರೇಷನ್ ಆಗ್ಲೇಬೇಕು ಅಂದಿದ್ದಾರೆ ಡಾಕ್ಟ್ರು. ಬೇಸಿಗೆ ರಜೆ ಮುಗಿಯೋದ್ರೊಳಗೆ. ಆಮೇಲೆ ಇಷ್ಟು ಭಾರದ ಗಾಡಿ ಮುಟ್ಟೋಹಾಗಿಲ್ಲ."

ಇದನ್ನು ಅವರು ಟೈಂಟೇಬಲ್ ಓದುವ ದನಿಯಲ್ಲಿ ಹೇಳಿದರು. ನಾನು ಚಕ್ಕುಲಿ ಡಬ್ಬಿ ಮುಂದೆ ತಳ್ಳಿದೆ.

ಯಜಮಾನರು ಒಪ್ಪಲು ಒಂದು ಷರತ್ತು ಹಾಕಿದ್ದರು. ಗಾಡಿ ನಲವತ್ತು ದಾಟಕೂಡದು. ದಾಟಿದೆಯೋ ಇಲ್ಲವೋ ಎಂದು ಹಿಂದೆ ಕೂತವರಿಗೂ ಕಾಣಬೇಕು. ಹಳೆಯ ಮೀಟರಿನ ಮುಳ್ಳು ಇಪ್ಪತ್ತರಿಂದ ಅರವತ್ತರ ತನಕ ಎಲ್ಲವನ್ನೂ ಒಟ್ಟಿಗೆ ತೋರಿಸುತ್ತ ಗಡಗಡ ನಡುಗುತ್ತಿತ್ತು. ಅದಕ್ಕೇ ಮೇಡಂ ಹೊಸ ಮಾದರಿಯ, ಅಂಕಿಯಲ್ಲಿ ವೇಗ ತೋರಿಸುವ ಡಿಜಿಟಲ್ ಮೀಟರ್ ಹಾಕಿಸಲು ಹೊರಟಿದ್ದರು. ಅಂಕಿಗಳು ಬೇಕಾದ ಬಣ್ಣದಲ್ಲಿ ಸಿಗುತ್ತವೆ. ಯಾವ ಬಣ್ಣವಾದರೆ ಹಿಂದಿನ ಸೀಟಿಗೆ ಚೆನ್ನಾಗಿ ಕಾಣುತ್ತದೆ ಎನ್ನುವುದು ಪ್ರಶ್ನೆ.

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಕಪ್ಪು ಹಿನ್ನೆಲೆಗೆ ಕಿತ್ತಳೆ, ಇಲ್ಲವೇ ಹಳದಿ. ಎಂಟನೇ ಕ್ಲಾಸಿನ ಮಕ್ಕಳಿಗೆ ಮೊದಲ ವಾರ ಹೇಳಿಕೊಡುವ ಪಾಠ ಅದು, ಮೇಡಂ ಪೀರಿಯಡ್ ಬಿಟ್ಟುಕೊಟ್ಟರೆ. ಆದರೆ ಮೇಡಂ ತಲೆಯಾಡಿಸಿದರು. "ನೀವು ಹೇಳಿದ್ರೆ ಸಾಲ್ದು. ಅವ್ರು ಒಪ್ಬೇಕು. ಬಣ್ಣದ ವಿಷ್ಯದಲ್ಲಿ ಅವ್ರು ಯಾರ ಮಾತೂ ಕೇಳಲ್ಲ."

ಯಾಕೆಂದರೆ ಯಜಮಾನರದು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಮ್ಯಾಚಿಂಗ್ ಸೆಂಟರ್. ಸೀರೆಗೆ ಹೊಂದುವ ಬ್ಲೌಸ್ ಪೀಸು, ಒಳಲಂಗ, ಅಂಚಿಗೆ ಹೊಲಿಯುವ ಫಾಲ್ಸು, ದಾರ. ಉದ್ದನೆಯ ತೆಳ್ಳನೆಯ ಮನುಷ್ಯ, ಬಿಳಿ ಪಂಚೆ, ಬಿಳಿ ಶರಟು. ಬಣ್ಣದ ಮಧ್ಯೆ ಕೂರುವವನು ಬಣ್ಣ ಉಡಬಾರದು, ಗಿರಾಕಿಯ ಕಣ್ಣು ಕೆಡುತ್ತದೆ ಎನ್ನುವುದು ಅವರ ನೇಮ. ಅಂಗಡಿಯೊಳಗಿನ ಟ್ಯೂಬ್‌ಲೈಟಿನಲ್ಲಿ ಯಾವ ಬಣ್ಣವನ್ನೂ ತೀರ್ಮಾನ ಮಾಡುತ್ತಿರಲಿಲ್ಲ. ಸೀರೆಯನ್ನೂ ಬಟ್ಟೆಯನ್ನೂ ಎತ್ತಿಕೊಂಡು ಫುಟ್‌ಪಾತಿಗೆ ಇಳಿದು, ಬಿಸಿಲಲ್ಲಿ ಒಂದರ ಮೇಲೊಂದು ಇಟ್ಟು, ಕಣ್ಣು ಕಿರಿದು ಮಾಡಿ ನೋಡುವರು. ಎರಡರ ನಡುವಿನ ಗೆರೆ ಮಾಯವಾದರೆ ಮಾತ್ರ "ಕಟ್ ಮಾಡು" ಎನ್ನುವರು. ಅವರ ಅಂಗಡಿಯಿಂದ ಹೋದ ಒಂದು ತುಂಡು ಬಟ್ಟೆಯೂ ಬಣ್ಣ ಸರಿಯಿಲ್ಲವೆಂದು ವಾಪಸು ಬಂದಿರಲಿಲ್ಲ. ಇದನ್ನು ಅವರು ಹೇಳಿದಷ್ಟು ಸಲ ನಮಸ್ಕಾರ ಕೂಡ ಹೇಳಿರಲಿಕ್ಕಿಲ್ಲ.

ಬಿಳೇಕಹಳ್ಳಿಯ ಒಂದು ಗಲ್ಲಿಯಲ್ಲಿ ಬೈಕಿಗೆ ಬೇಕಾದ್ದು ಬೇಡವಾದ್ದು ಎಲ್ಲ ಮಾರುವ ಅಂಗಡಿಯಿತ್ತು. ಮೂವರೂ ಹೋದೆವು. ಮೇಡಂ ತಮ್ಮ ಗಾಡಿಯಲ್ಲಿ, ಯಜಮಾನರು ಬಸ್ಸಿನಲ್ಲಿ, ನಾನು ನನ್ನ ಸ್ಕೂಟರಿನಲ್ಲಿ. ಅಂಗಡಿಯವನು ಗಡ್ಡದ, ತೂಕದ ಮನುಷ್ಯ. ಒಂದು ಹಲಗೆಗೆ ಪುಟ್ಟ ಪುಟ್ಟ ಮೀಟರ್‌ಗಳನ್ನು ಜೋಡಿಸಿ, ಒಂದೊಂದರಲ್ಲಿ ಒಂದೊಂದು ಬಣ್ಣದ ಅಂಕಿ ಉರಿಯುವ ಹಾಗೆ ಮಾಡಿಟ್ಟಿದ್ದ.

"ಅಣ್ಣ, ಇದು ಐಸ್ ಬ್ಲೂ. ಇವಾಗ ಇದೇ ಓಡ್ತಿರೋದು."

"ಐಸಿಗೆ ಎಲ್ಲಿಯ ಬಣ್ಣ? ಇದು ಆನಂದ ನೀಲಿ. ಒಂದು ಪಾಯಿಂಟ್ ತಿಳಿ ಅಷ್ಟೆ" ಎಂದರು ಯಜಮಾನರು.

"ಇದು ಆಂಬರ್."

"ಕನಕಾಂಬರ."

"ಇದು ಲೈಮ್ ಗ್ರೀನ್ ಅಣ್ಣ."

"ಗಿಣಿ ಹಸಿರು. ಒಗೆದ್ರೆ ಬಿಡುತ್ತಾ?"

"ಏನು ಬಿಡುತ್ತಾ?"

"ಬಣ್ಣ."

ಅಂಗಡಿಯವನು ಮೇಡಂ ಮುಖ ನೋಡಿದ. ಮೇಡಂ ನನ್ನ ಮುಖ ನೋಡಿದರು. ನಾನು ಗೋಡೆಗೆ ತೂಗುಹಾಕಿದ್ದ ಹಾರನ್ನುಗಳನ್ನು ನೋಡಿದೆ. ಕೊನೆಗೆ ಅವನು "ವಾಟರ್‌ಪ್ರೂಫ್ ಅಣ್ಣ" ಎಂದ. ಯಜಮಾನರು ಹೆಬ್ಬೆರಳಿಗೆ ಎಂಜಲು ಹಚ್ಚಿ ಗಾಜನ್ನು ಉಜ್ಜಿ, ಬೆರಳನ್ನು ಪರೀಕ್ಷಿಸಿ, ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿದರು. ಆಮೇಲೆ "ಹೊರಗೆ ಬೆಳಕಲ್ಲಿ ನೋಡೋಣ" ಎಂದವರೇ ಹಲಗೆಯನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟರು.

ರಸ್ತೆಯಲ್ಲಿ ನಿಂತು, ಹಲಗೆಯನ್ನು ಬಿಸಿಲಿಗೆ ಹಿಡಿದು, ಆ ಕಡೆ ಈ ಕಡೆ ವಾಲಿಸಿ ಬಹಳ ಹೊತ್ತು ನೋಡಿದರು. "ಎಲ್ಲಾ ಒಂದೇ ಕಪ್ಪು. ಒಂದೂ ಹೊರಗೆ ನಿಲ್ಲಲ್ಲ. ಸರಕು ಸರಿಯಿಲ್ಲ ಕಣಯ್ಯ" ಎಂದರು.

"ಪ್ಲಗ್ ಕಿತ್ಕೊಂಡು ಹೋಗಿದ್ದೀರಾ ಅಣ್ಣ" ಎಂದ ಅಂಗಡಿಯವನು, ಒಳಗಿನಿಂದ ವೈರಿನ ತುದಿಯನ್ನು ತೋರಿಸುತ್ತ.

ಮತ್ತೆ ಪ್ಲಗ್ ಸಿಕ್ಕಿಸಿದ ಮೇಲೆ ಅವನು ಒಂದು ಮಾತು ಹೇಳಿದ. ಈ ಹಲಗೆ ಬರೀ ತೋರಿಸೋಕೆ. ಆರ್ಡರ್ ಕೊಟ್ಟ ಒಂದೇ ಬಣ್ಣದಲ್ಲಿ ಮೀಟರ್ ಬರುತ್ತದೆ, ಬಂದ ಮೇಲೆ ಬದಲಾಯಿಸುವ ಹಾಗಿಲ್ಲ. ಇದನ್ನು ಕೇಳಿ ಯಜಮಾನರ ಮುಖ ಅರಳಿತು. "ಹಾಗಾದ್ರೆ ಆತುರ ಮಾಡೋಹಾಗಿಲ್ಲ. ನಿಧಾನವಾಗಿ ಯೋಚ್ನೆ ಮಾಡ್ಬೇಕು" ಎಂದರು. ಮೇಡಂ ಹೆಲ್ಮೆಟ್ ಹಾಕಿಕೊಂಡರು. ಬೇಸಿಗೆ ರಜೆ ಶುರುವಾಗಿ ಆಗಲೇ ಒಂದು ವಾರವಾಗಿತ್ತು.

ನಿಧಾನ ಎಂದರೆ ಎಂಥ ನಿಧಾನ ಎಂದು ಆಮೇಲೆ ಗೊತ್ತಾಯಿತು. ನೀಲಿ ಆಗದು, ಹತ್ತಿರದಿಂದ ತಂಪು, ದೂರದಿಂದ ಸೂತಕ. ಬಿಳಿ ಆಗದು, ದಿನವಿಡೀ ಟ್ಯೂಬ್‌ಲೈಟಿನ ಕೆಳಗೆ ಕೂತು ಬರುವವನಿಗೆ ಗಾಡಿಯಲ್ಲೂ ಟ್ಯೂಬ್‌ಲೈಟೇ? ಹಸಿರು ಖಂಡಿತ ಆಗದು. "ಸಿಗ್ನಲ್ ನೋಡಿ ಅಭ್ಯಾಸ ಆಗಿದೆ ಅವಳ್ಗೆ. ಹಸಿರು ಕಂಡ್ರೆ ಇನ್ನೂ ಜೋರಾಗಿ ಹೋಗ್ತಾಳೆ." ಹಳದಿಗೆ ಯಾವ ಆಕ್ಷೇಪಣೆಯೂ ಸಿಗದೆ ಒಂದು ದಿನ ಬಾಯಿ ಮುಚ್ಚಿಕೊಂಡಿದ್ದು, ಮರುದಿನ ಅಂಗಡಿಯಿಂದಲೇ ಫೋನ್ ಮಾಡಿ, ಹಳದಿ ಬೇಸಿಗೆಯಲ್ಲಿ ಬೆವರು ತರಿಸುತ್ತದೆ ಎಂದರು.

ಕಡೆಗೆ ಮೇಡಂ ಒಂದು ಪರೀಕ್ಷೆ ಏರ್ಪಡಿಸಿದರು. ನಾನು ಕಪ್ಪು ಡ್ರಾಯಿಂಗ್ ಶೀಟಿನ ಚೌಕಗಳ ಮೇಲೆ ಪೋಸ್ಟರ್ ಕಲರಿನಲ್ಲಿ ಬೇರೆ ಬೇರೆ ಅಂಕಿಗಳನ್ನು ಬರೆದುಕೊಂಡು ಅವರ ಮನೆಗೆ ಹೋದೆ. ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ, ಮುಂದೆ ಮೇಡಂ ಹೆಲ್ಮೆಟ್ ಹಾಕಿಕೊಂಡು ಕೂತರು. ನಿಂತ ಗಾಡಿಯ ಮೇಲೂ ಹತ್ತಲು ಯಜಮಾನರು ಒಪ್ಪಲಿಲ್ಲ. ಅವರಿಗೆ ಹಿಂದೆ ಒಂದು ಸ್ಟೂಲ್ ಹಾಕಲಾಯಿತು. ನಾನು ಹ್ಯಾಂಡಲ್ ಬಳಿ ನಿಂತು ಒಂದೊಂದೇ ಚೌಕ ಎತ್ತಿ ಹಿಡಿಯಬೇಕು, ಅವರು ಹೆಂಡತಿಯ ಭುಜದ ಮೇಲಿಂದ ನೋಡಿ ಓದಬೇಕು.

ನೀಲಿಯಲ್ಲಿ ಬರೆದ ಮೂವತ್ತೆಂಟನ್ನು ಎಂಬತ್ತೆಂಟು ಎಂದರು. ಮೇಡಂ "ತಪ್ಪು" ಎಂದರು. ಹಸಿರಿನ ಐವತ್ತಾರಕ್ಕೆ "ಐವತ್ತು... ಏನೋ ಒಂದು" ಎಂದರು. "ಏನೋ ಒಂದಕ್ಕೆ ಮಾರ್ಕ್ಸ್ ಇಲ್ಲ" ಎಂದರು ಮೇಡಂ. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿಯೊಬ್ಬರು ಬಂದು ಸ್ಟೂಲಿನ ಹಿಂದೆ ನಿಂತುಕೊಂಡರು. ಸ್ವಲ್ಪ ಹೊತ್ತು ನೋಡಿ, "ಕನ್ನಡಕ ಇಲ್ಲೇ ಕೊಡ್ತಾರೋ, ಆಸ್ಪತ್ರೆಗೆ ಹೋಗ್ಬೇಕೋ?" ಎಂದು ನನ್ನನ್ನು ಕೇಳಿದರು. ಇದು ಕಣ್ಣಿನ ಶಿಬಿರವಲ್ಲ ಎಂದು ಹೇಳಿದರೂ ಅವರು ಒಪ್ಪಲಿಲ್ಲ. ಅವರನ್ನೂ ಸ್ಟೂಲಿನ ಮೇಲೆ ಕೂರಿಸಿ ಓದಿಸಬೇಕಾಯಿತು. ಅಜ್ಜಿ ಎಲ್ಲ ಬಣ್ಣವನ್ನೂ ಸರಿಯಾಗಿ ಓದಿ, ಕನ್ನಡಕ ಸಿಗಲಿಲ್ಲವೆಂದು ಬೇಸರದಿಂದ ಮನೆಗೆ ಹೋದರು.

ಕೊನೆಯಲ್ಲಿ ಕಿತ್ತಳೆಯ ಚೌಕ ಎತ್ತಿದೆ. ಯಜಮಾನರು ನೋಡಿದ ಕೂಡಲೇ, ಯೋಚಿಸದೆ, "ನಲವತ್ತೇಳು" ಎಂದರು. ಸರಿಯಾಗಿತ್ತು. ಮೇಡಂ ಹೆಲ್ಮೆಟ್ಟಿನೊಳಗಿಂದಲೇ ತಿರುಗಿ ನೋಡಿದರು. ಯಜಮಾನರ ಮುಖ ಸಪ್ಪಗಾಯಿತು. "ಕನಕಾಂಬರ ಬೇಡ. ಗಾಡಿಗೆ ಮ್ಯಾಚ್ ಆಗಲ್ಲ" ಎಂದು ಎದ್ದು ಒಳಗೆ ಹೋದರು.

ಆಗ ನನಗೆ ಅರ್ಥವಾಯಿತು. ಈ ಮನುಷ್ಯನಿಗೆ ಯಾವ ಬಣ್ಣವೂ ಬೇಡ. ಬಣ್ಣ ಸಿಕ್ಕಿದ ದಿನ ಹತ್ತಿ ಕೂರಬೇಕಲ್ಲ. ಅಂಗಡಿಗೆ ಹೋಗಿ ನೇರವಾಗಿಯೇ ಕೇಳಿದೆ. ಅವರು ದಾರದ ಉಂಡೆಗಳನ್ನು ಜೋಡಿಸುತ್ತ, ದನಿ ತಗ್ಗಿಸಿ ಹೇಳಿದರು.

"ಭಯ ಮೇಷ್ಟ್ರೇ. ಗಾಡಿ ಅಂದ್ರೆ ನಂಗೆ ಮೊದಲಿಂದ ಭಯ. ಅದೂ ಅಲ್ದೆ, ನಾನು ಅವಳ ಹಿಂದೆ ಕೂತ್ಕೊಂಡು ಹೋಗೋದನ್ನ ಪಕ್ಕದ ಸೀರೆ ಅಂಗಡಿಯೋನು ನೋಡಿದ್ರೆ ಸಾಯೋವರ್ಗೂ ಬಿಡ್ತಾನಾ?"

"ಮತ್ತೆ ಭಯ ಅಂತ ಅವ್ರಿಗೇ ಹೇಳಿ."

"ಅವಳು ಸ್ಟೆಪ್ಸ್ ಕೇಳ್ತಾಳೆ" ಎಂದರು.

ನಾನು ಇದನ್ನು ಮೇಡಂಗೆ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಯಾಕೆಂದರೆ ಮುಂದಿನ ವಾರ ಅವರು ಆಡಿದ ಆಟವನ್ನು, ಗಂಡನನ್ನು ಪೂರಾ ಓದಿಕೊಂಡ ಹೆಂಡತಿ ಮಾತ್ರ ಆಡಬಲ್ಲಳು. ಒಂದು ಸಂಜೆ ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿಗೇ, "ರೀ, ನನ್ನಿಂದ ಆಗಲ್ಲ. ಡ್ರಾಯಿಂಗ್ ಮೇಷ್ಟ್ರಿಗೂ ತಿಳೀಲಿಲ್ಲ. ನೀವೇ ಆರಿಸ್ಬಿಡಿ. ಊರಿನ ಹೆಂಗಸ್ರಿಗೆಲ್ಲ ಆರಿಸ್ಕೊಡ್ತೀರಿ, ನನ್ನ ಗಾಡಿಗೆ ಒಂದು ಆರಿಸಲ್ವಾ?" ಎಂದರಂತೆ. ನನಗೆ ತಿಳಿಯಲಿಲ್ಲ ಎನ್ನುವ ಮಾತು ಶುದ್ಧ ಸುಳ್ಳು. ಕಿತ್ತಳೆ ಎಂದು ನಾನು ಮೊದಲ ದಿನವೇ ಹೇಳಿದ್ದೆ. ಇರಲಿ.

ಯಜಮಾನರು ಆ ಕ್ಷಣದಿಂದ ಬೇರೆ ಮನುಷ್ಯರಾದರು. ಹೆಂಡತಿಯ ಹಿಂದೆ ಕೂರುವ ಭಯವೆಲ್ಲ ಎಲ್ಲಿ ಹೋಯಿತೋ, ಬಣ್ಣದ ವ್ಯಾಪಾರಿ ಎದ್ದು ಕೂತ. ಅಂಗಡಿಯಿಂದ ದಾರದ ಉಂಡೆಗಳನ್ನು ಚೀಲದಲ್ಲಿ ತಂದು, ಬೆಳಗಿನ ಬಿಸಿಲಿನಲ್ಲಿ ಗಾಡಿಯ ಟ್ಯಾಂಕಿನ ಮೇಲೆ ಒಂದೊಂದೇ ಎಳೆ ಇಟ್ಟು ನೋಡಿದರು. ದಾಳಿಂಬೆ ಇಟ್ಟರು, ಬೀಟ್‌ರೂಟ್ ಇಟ್ಟರು, ಕುಂಕುಮ ಇಟ್ಟರು. ಕೊನೆಗೆ ಒಂದು ಎಳೆ ಟ್ಯಾಂಕಿನ ಮೇಲೆ ಇಟ್ಟ ಕೂಡಲೇ ಕಾಣದಾಯಿತು. ಕೈಯಿಂದ ತಡವಿ ಹುಡುಕಬೇಕಾಯಿತು. "ಅರಗಿನ ಬಣ್ಣ" ಎಂದರು ಯಜಮಾನರು, ಕಣ್ಣಲ್ಲಿ ನೀರು ತಂದುಕೊಂಡು. "ಗಾಡಿ ಜೊತೇಲೇ ಹುಟ್ಟಿದ ಹಾಗಿದೆ."

ನಾನು ತಡೆಯಲು ನೋಡಿದೆ. ಕಪ್ಪಿನ ಮೇಲೆ ಕಡುಗೆಂಪು ಎದ್ದು ಕಾಣುವುದಿಲ್ಲ ಎಂದೆ. ಕಾಣುವುದಕ್ಕೆಂದೇ ಹಾಕಿಸುವ ವಸ್ತು ಕಾಣಬೇಡವೇ ಎಂದೆ. ಯಜಮಾನರು ನನ್ನನ್ನು ಕರುಣೆಯಿಂದ ನೋಡಿದರು. "ಮೇಷ್ಟ್ರೇ, ಸೀರೆಗೆ ಹೊಲಿದ ಫಾಲ್ಸು ಯಾರಿಗಾದ್ರೂ ಕಾಣಿಸ್ಬೇಕಾ? ಎದ್ದು ಕಂಡ್ರೆ ಅದು ಮ್ಯಾಚಿಂಗ್ ಅಲ್ಲ, ತೇಪೆ." ಸಹಾಯಕ್ಕಾಗಿ ಮೇಡಂ ಕಡೆ ನೋಡಿದೆ. ಎಲ್ಲದಕ್ಕೂ ಸ್ಟೆಪ್ಸ್ ಕೇಳುವ ಹೆಂಗಸು ಆಕಾಶ ನೋಡುತ್ತ ನಿಂತಿದ್ದರು. "ಅವ್ರು ಹೇಳಿದ್ದೇ ಆರ್ಡರ್ ಕೊಡಿ" ಎಂದರು.

ಮೀಟರ್ ಬಂತು. ಗಡ್ಡದ ಅಂಗಡಿಯವನು ಅದನ್ನು ಜೋಡಿಸಿ, ಕೈ ಒರೆಸಿಕೊಂಡು, ದೂರ ನಿಂತು ನೋಡಿ, "ಶೋ ಏನೋ ಸಖತ್ತಾಗಿದೆ ಅಣ್ಣ. ಮೀಟರ್ ಎಲ್ಲಿದೆ ಅಂತಾನೇ ಗೊತ್ತಾಗಲ್ಲ" ಎಂದ. ಅದನ್ನು ಯಜಮಾನರು ಹೊಗಳಿಕೆ ಎಂದೇ ತೆಗೆದುಕೊಂಡರು. ಮೇಡಂ ಗಾಡಿ ಸ್ಟಾರ್ಟ್ ಮಾಡಿದರು. ನಾನು ಹಿಂದಿನ ಸೀಟಿನ ಎತ್ತರಕ್ಕೆ ಬಗ್ಗಿ ನೋಡಿದೆ. ಹಂಚಿನ ಮೇಲೆ ಆರಿಹೋದ ಕೆಂಡದಂತೆ ಏನೋ ಒಂದು ಇತ್ತು, ಅಂಕಿಯೋ ಅಲ್ಲವೋ ಹೇಳುವಂತಿರಲಿಲ್ಲ. ಯಜಮಾನರೂ ಬಗ್ಗಿದರು. ಕಣ್ಣು ಕಿರಿದು ಮಾಡಿದರು, ದೊಡ್ಡದು ಮಾಡಿದರು, ಕತ್ತನ್ನು ಆ ಭುಜಕ್ಕೆ ಈ ಭುಜಕ್ಕೆ ವಾಲಿಸಿದರು.

"ಕಾಣ್ತಿದೆಯಾ ರೀ?" ಎಂದು ಮೇಡಂ ಮುಂದೆ ನೋಡುತ್ತಲೇ ಕೇಳಿದರು.

ಗಲ್ಲಿಯಲ್ಲಿ ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದೆವು. ಕಾಣುವುದಿಲ್ಲ ಎಂದರೆ ಗಾಡಿ ಹತ್ತುವ ಹಾಗಿಲ್ಲ. ಷರತ್ತು ಅವರದೇ. ಆದರೆ ಕಾಣುವುದಿಲ್ಲ ಎಂದರೆ ಅವರು ಆರಿಸಿದ ಬಣ್ಣ ತಪ್ಪು ಎಂದಾಗುತ್ತದೆ, ಅದೂ ಮೊದಲ ಸಲ, ಅದೂ ಹೆಂಡತಿಯ ಗಾಡಿಯಲ್ಲಿ, ಅದೂ ಡ್ರಾಯಿಂಗ್ ಮೇಷ್ಟ್ರ ಎದುರಿಗೆ.

"ಕಾಣ್ದೆ ಏನು? ಚೆನ್ನಾಗೇ ಕಾಣ್ತಿದೆ."

"ಹಾಗಾದ್ರೆ ಹತ್ತಿ" ಎಂದರು ಮೇಡಂ.

ಯಜಮಾನರು ಪಂಚೆ ಉಟ್ಟಿದ್ದರು. ಹೀಗಾಗಿ ಒಂದೇ ಪಕ್ಕಕ್ಕೆ ಎರಡೂ ಕಾಲು ಇಳಿಬಿಟ್ಟು ಕೂತರು. ಹೆಲ್ಮೆಟ್ ಹಾಕಿದ ಕೂಡಲೇ ಹಣೆಯ ವಿಭೂತಿ ಅಳಿಸಿಹೋಯಿತೆಂದು ಒಮ್ಮೆ ಇಳಿದು, ಜೇಬಿನಿಂದ ವಿಭೂತಿ ಗಟ್ಟಿ ತೆಗೆದು ಹಚ್ಚಿಕೊಂಡು, ಮತ್ತೆ ಹೆಲ್ಮೆಟ್ ಹಾಕಿ ಮತ್ತೆ ಅಳಿಸಿಕೊಂಡರು. ಮೇಡಂ ತಾಳ್ಮೆಯಿಂದ ಕಾದರು. ಅವರು ಕಾದದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಗಾಡಿ ಹೊರಟಾಗ ಯಜಮಾನರು "ಶಿವಾ" ಎಂದದ್ದು ಕೇಳಿಸಿತು.

ತಲಘಟ್ಟಪುರದವರೆಗೆ ಹೋಗಿ ಬರುವುದೆಂದು ತೀರ್ಮಾನವಾಗಿತ್ತು. ನಾನು ನನ್ನ ಸ್ಕೂಟರಿನಲ್ಲಿ ಹಿಂದೆ ಹೊರಟೆ. ಕನಕಪುರ ರಸ್ತೆಯಲ್ಲಿ, ಮೆಟ್ರೋ ಕೆಳಗಿನ ಒಂದು ಸಿಗ್ನಲ್ಲಿನಲ್ಲಿ ಅವರ ಪಕ್ಕಕ್ಕೇ ಬಂದು ನಿಂತೆ. ಕೆಂಪು ದೀಪ. ಮುಂದೆ ಒಂದು ನೀರಿನ ಟ್ಯಾಂಕರು, ಹಿಂದೆ ಆಟೋಗಳು, ಯಾರೂ ಒಂದು ಅಂಗುಲ ಅಲ್ಲಾಡುತ್ತಿರಲಿಲ್ಲ. ಯಜಮಾನರು ಸೀಟಿನ ಹಿಂದಿನ ಕಂಬಿಯನ್ನು ಒಂದು ಕೈಯಲ್ಲೂ ಮೇಡಂ ಅವರ ಭುಜವನ್ನು ಇನ್ನೊಂದು ಕೈಯಲ್ಲೂ ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕೂತಿದ್ದರು. ಮೇಡಂ ಕನ್ನಡಿಯಲ್ಲಿ ಅವರನ್ನು ನೋಡಿದರು.

"ಎಷ್ಟಿದೆ ರೀ?"

"ನಲವತ್ತು" ಎಂದರು ಯಜಮಾನರು. "ಸ್ವಲ್ಪ ಕಮ್ಮಿ ಮಾಡು."

ನಾನು ಮೇಡಂ ಮುಖ ನೋಡಿದೆ. ಸರಿಯುತ್ತರಕ್ಕೇ ಅರ್ಧ ಮಾರ್ಕ್ಸ್ ಕೀಳುವ ಹೆಂಗಸು ಈಗ ಏನು ಹೇಳುತ್ತಾರೋ ಎಂದು ಕಾದೆ. ಅವರು ನನಗೆ ಸುಮ್ಮನಿರಿ ಎನ್ನುವಂತೆ ಕಣ್ಸನ್ನೆ ಮಾಡಿ, ನಿಂತ ಗಾಡಿಯ ಬ್ರೇಕನ್ನು ಇನ್ನಷ್ಟು ಒತ್ತಿ, "ಆಯ್ತು, ಕಮ್ಮಿ ಮಾಡ್ದೆ" ಎಂದರು. "ಈಗ ಪರವಾಗಿಲ್ಲ" ಎಂದರು ಯಜಮಾನರು. ಟ್ಯಾಂಕರಿನ ಕ್ಲೀನರ್ ಬಾಗಿ ನಮ್ಮ ಮೂವರನ್ನೂ ನೋಡುತ್ತಿದ್ದ. ನಾನು ನಗು ತಡೆಯಲಾರದೆ ಹಾರನ್ ಹೊಡೆದೆ.

ಮಾದಪ್ಪನ ಬೆಟ್ಟಕ್ಕೆ ಅವರು ಹೋಗಿಬಂದರು. ಅಲ್ಲಿಯ ಪ್ರಸಾದ ತಂದುಕೊಟ್ಟಾಗ ಪ್ರಯಾಣ ಹೇಗಿತ್ತು ಎಂದು ಮೇಡಂ ಅವರನ್ನು ಕೇಳಿದೆ. "ಸರಿಯಾಗಿ ನಲವತ್ತರಲ್ಲೇ ಹೋದ್ವಿ ಮೇಷ್ಟ್ರೇ. ಬೇಕಾದ್ರೆ ಅವ್ರನ್ನೇ ಕೇಳಿ" ಎಂದರು. ಯಜಮಾನರು ಪಕ್ಕದಲ್ಲೇ ನಿಂತು ಗಂಭೀರವಾಗಿ ತಲೆಯಾಡಿಸಿದರು. ಘಾಟಿಯ ತಿರುವಿನಲ್ಲಿ ನಲವತ್ತು, ದಾರಿಯಲ್ಲಿ ಟೀಗೆ ನಿಲ್ಲಿಸಿದಾಗ ನಲವತ್ತು, ಹಿಂದಿನ ಚಕ್ರ ಪಂಕ್ಚರಾಗಿ ತಳ್ಳಿಕೊಂಡು ಹೋದಾಗಲೂ ಬಹುಶಃ ನಲವತ್ತೇ. ಪಕ್ಕದ ಸೀರೆ ಅಂಗಡಿಯವನು ಬಾಯಿ ಬಿಟ್ಟುಕೊಂಡು ಇಬ್ಬರನ್ನೂ ನೋಡಿದ್ದೂ ಆಯಿತು. ಅವನ ಹೆಂಡತಿ ತಾನೂ ಗಾಡಿ ಕಲಿಯುತ್ತೇನೆಂದು ಹಟ ಹಿಡಿದ ಮೇಲೆ ಅವನಿಗೇ ತಮಾಷೆ ಮಾಡಲು ಪುರುಸೊತ್ತಿಲ್ಲದಾಯಿತು.

ಆಪರೇಷನ್ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ನೋವು ಎಷ್ಟಿತ್ತೋ ಆಕೆ ಯಾರಿಗೂ ಹೇಳಲಿಲ್ಲ. ಮದುವೆಗಳಿಗೆ ಇಬ್ಬರೂ ಒಂದೇ ಹೊತ್ತಿಗೆ ಬಂದು ಒಂದೇ ಪಂಕ್ತಿಯಲ್ಲಿ ಕೂರುವುದನ್ನು ನಾನೇ ಕಂಡೆ. ಆಮೇಲೆ ಒಂದು ದಿನ ಆಪರೇಷನ್ ಆಯಿತು, ಗಾಡಿಗೆ ಹೊದಿಕೆ ಬಿತ್ತು, ಮೇಡಂ ನಿವೃತ್ತರಾದರು. ಈಗ ಹೃದಯ ಕೈಕೊಟ್ಟು ಹೋಗಿಯೂಬಿಟ್ಟರು. ಇಷ್ಟು ಜೋರು ದನಿಯ ಮನುಷ್ಯರು ಹೀಗೆ ಸದ್ದಿಲ್ಲದೆ ಹೋಗುವುದು ಸರಿಯಲ್ಲ ಎಂದು ನನಗೆ ಇವತ್ತಿಗೂ ಅವರ ಮೇಲೆ ಸಿಟ್ಟಿದೆ.

ಮೊನ್ನೆ ಜಯನಗರಕ್ಕೆ ಹೋದವನು ಅಂಗಡಿಯೊಳಕ್ಕೆ ಇಣುಕಿದೆ. ಯಜಮಾನರು ಒಬ್ಬರೇ ಇದ್ದರು. ಸ್ಟೂಲ್ ತೋರಿಸಿದರು, ಕೂತೆ. ಏನೋ ಮಾತಾಡಬೇಕಲ್ಲ ಎಂದು ಬಿಸಿಲಿನ ಬಗ್ಗೆ ಮಾತಾಡಿದೆವು, ಮಳೆಯ ಬಗ್ಗೆ ಮಾತಾಡಿದೆವು. ಆಮೇಲೆ ಅವರು ಬ್ಲೌಸ್ ಪೀಸೊಂದನ್ನು ಮಡಿಸುತ್ತ, ಮೆಲ್ಲಗೆ ಹೇಳಿದರು.

"ಮೇಷ್ಟ್ರೇ, ಆ ಮೀಟರು ನಂಗೆ ಒಂದು ದಿನಾನೂ ಕಾಣ್ಲಿಲ್ಲ."

"ಗೊತ್ತಿತ್ತು" ಎಂದೆ.

"ಅವಳ್ಗೂ ಗೊತ್ತಿತ್ತಾ?"

"ಮೊದಲ ದಿನದಿಂದ."

ಅವರಿಗೆ ಅವಮಾನವಾಗಬಹುದು ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಮಡಿಸಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸಿದರು.

"ನಂಗೆ ಅರ್ಥ ಆಗದೆ ಇರೋದು ಒಂದೇ. ಮೀಟರು ಅವಳ ಕಣ್ಣೆದುರಿಗೇ ಇತ್ತು. ಎಷ್ಟು ಸ್ಪೀಡು ಅಂತ ಅವಳ್ಗೇ ಕಾಣ್ತಿತ್ತು. ನಂಗೆ ಕಾಣಲ್ಲ ಅಂತಾನೂ ಗೊತ್ತಿತ್ತು. ಆದ್ರೂ ದಾರಿಯುದ್ದಕ್ಕೂ ಎಷ್ಟಿದೆ ರೀ, ಎಷ್ಟಿದೆ ರೀ ಅಂತ ಕೇಳ್ತಾನೇ ಇರೋಳು. ಯಾಕೆ ಕೇಳೋಳು?"

ನಾನು ಸ್ಟೂಲನ್ನು ಹತ್ತಿರ ಎಳೆದುಕೊಂಡೆ.

"ನೀವು ಹಿಂದೆ ಇದ್ದೀರಾ ಅಂತ" ಎಂದೆ.

ಅವರು ಬಟ್ಟೆಯನ್ನು ಕೆಳಗಿಟ್ಟು ರಸ್ತೆಯ ಕಡೆ ನೋಡಿದರು.

"ಇದ್ನಲ್ಲ ಮೇಷ್ಟ್ರೇ" ಎಂದರು.